ಎರಡು ಹೊತ್ತು ತಗೋ

ಐದು ತಿಂಗಳ ಬಸುರಿ ಮಗಳು ರಶ್ಮಿಗೆ ಹಲ್ಲುಜ್ಜಿದರೆ ಸಾಕು, ಒಸಡಿನಿಂದ ರಕ್ತ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂದವಳನ್ನು ನಾನೇ ಗದರಿ ಸುಮ್ಮನಾಗಿಸಿದ್ದೆ. ಹೋದ ವರ್ಷ ಮೂರು ತಿಂಗಳಿಗೇ ಗರ್ಭಪಾತವಾಗಿತ್ತು. ಈ ಸಲ ಇಂಜೆಕ್ಷನ್ನು, ಮಾತ್ರೆ ಯಾವುದೂ ಅವಳ ಹತ್ತಿರ ಸುಳಿಯಬಾರದೆಂದು ನನ್ನ ಹಟ. ಬೇವಿನ ತೊಗಟೆ, ಜಾಲಿ ತೊಗಟೆ ಕುದಿಸಿ, ಸೋಸಿ, ಎರಡು ಬಾಟಲಿ ತುಂಬಿ ಹರಿಹರದಿಂದ ದಾವಣಗೆರೆಗೆ ಅಳಿಯನ ಕೈಯಲ್ಲಿ ಕಳಿಸಿದೆ.

ನಾಲ್ಕನೇ ದಿನ ಸ್ಪೀಕರ್ ಹಾಕಿ ಫೋನ್ ಮಾಡಿದೆ. “ಕಷಾಯ ಹೆಂಗೈತೆ?”

“ನೀ ಹೇಳಿದಂಗೆ ಎರಡು ಹೊತ್ತೂ ತಗೊಂಡೆ ಕಣವ್ವ. ಖಾಲಿ ಆತು.”

ಅಂಗಳದಲ್ಲಿ ಕೂತಿದ್ದ ಪಕ್ಕದ ಮನೆಯ ನೂರ್ಜಹಾನ್, ನಾನು ಫೋನ್ ಇಡುತ್ತಿದ್ದಂತೆ ಕೇಳಿದಳು. “ತಗೊಂಡೆ ಅಂದ್ರೆ? ಮುಕ್ಕಳಿಸಿ ಉಗುಳು ಅಂತ ಹೇಳಿದ್ರೋ ಇಲ್ಲೋ, ಅಕ್ಕ?”

ನಾನು ಹೇಳಿದ್ದು ‘ಎರಡು ಹೊತ್ತು ತಗೋ’ ಅಂತ ಮಾತ್ರ. ನಮ್ಮಲ್ಲಿ ಕಷಾಯ ತಗೋ ಅಂದರೆ ಕುಡಿ ಅಂತಲೇ ಅರ್ಥ. ನೆಗಡಿಗೂ ಜ್ವರಕ್ಕೂ ಲೋಟಗಟ್ಟಲೆ ಕುಡಿಸಿ ಬೆಳೆಸಿದವಳೂ ನಾನೇ. ಬೇವು ಬಸುರಿಯ ಹೊಟ್ಟೆಗೆ ಹೋಗಬಾರದೆಂದು ನನಗೆ ಗೊತ್ತಿತ್ತು. ಉಗುಳು ಅನ್ನುವ ಒಂದು ಮಾತು ಹೇಳಲು ನನಗೇನು ಧಾಡಿಯಾಗಿತ್ತು!

ಮತ್ತೆ ಫೋನ್ ಮಾಡಿದರೆ ಎತ್ತಲಿಲ್ಲ. ಇನ್ನೂ ನಾಲ್ಕು ಸಲ ಮಾಡಿದೆ. ಉಟ್ಟ ಸೀರೆಯಲ್ಲೇ ಬಸ್ ಹತ್ತಿದೆ.

“ಎಷ್ಟು ಕಡೆ ನಿಲ್ಲಿಸ್ತೀರಿ?” ಅಂತ ಕಂಡಕ್ಟರನ ಮೇಲೆ ಹರಿಹಾಯ್ದೆ.

“ಸ್ಟಾಪ್ ಐತಲ್ಲಮ್ಮ, ನಿಲ್ಲಿಸ್ಬ್ಯಾಡ ಅಂದ್ರೆ ಹೆಂಗೆ?” ಅಂದ.

ದೇವರಾಜ ಅರಸು ಬಡಾವಣೆಯ ಮಗಳ ಮನೆಯ ಬಾಗಿಲು ದಬದಬ ಬಡಿದೆ. ರಶ್ಮಿ ಒದ್ದೆ ಕೂದಲಲ್ಲೇ ಬಂದು ತೆಗೆದಳು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳಂತೆ.

“ಕುಡದ್ಯಾ? ಎಲ್ಲಾ ಕುಡದ್ಯಾ?” ಭುಜ ಹಿಡಿದು ಕೇಳಿದೆ.

ಅವಳು ನೆಲ ನೋಡಿದಳು. “ಬೈಬ್ಯಾಡವ್ವ. ಒಂದು ಹನಿನೂ ಬಾಯಿಗೆ ಹಾಕ್ಲಿಲ್ಲ. ವಾಸನೆಗೇ ವಾಂತಿ ಬರ್ತಿತ್ತು, ಬಚ್ಚಲಿಗೆ ಸುರುವಿದೆ. ನೀ ಬೈತಿ ಅಂತ ಸುಳ್ಳು ಹೇಳಿದೆ.”

ಹೊಸ್ತಿಲ ಮೇಲೆ ಕೂಡಬಾರದೆಂದು ಊರಿಗೆಲ್ಲ ಹೇಳುವ ನಾನು ಅಲ್ಲೇ ಕುಸಿದು ಕೂತೆ. ಅಳುವೇ ಬಂತು. ಅವಳು ಬಚ್ಚಲಿಗೆ ಸುರುವಿದ್ದೇ ಕೂಸನ್ನು ಉಳಿಸಿತ್ತು. ಆ ಸುಳ್ಳು ಹುಟ್ಟಿದ್ದು ನನ್ನ ಬಾಯಿಗೆ ಹೆದರಿ.

“ರಕ್ತ ನಿಂತೈತಾ?”

“ಇಲ್ಲ. ಜಾಸ್ತಿ ಆಗೈತೆ.”

“ನಡಿ, ಹಲ್ಲಿನ ಡಾಕ್ಟರ ಹತ್ರ ಹೋಗೋಣ.”

“ಅಲ್ಲಿ ನೀ ಬೈಯೋದಿಲ್ಲ, ಹೌದಲ್ಲ?” ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ಚಪ್ಪಲಿ ಮೆಟ್ಟಿದಳು.