ಹೂಂ ಅನ್ನುವ ಸೊಸೆ

"ಹಿಟ್ಟು ಮುಚ್ಚಿ ಒಳಗಿಡು ಅಂದ್ರೆ ತಂದೂರಿಗೆ ಬೆಂಕಿ ಹಾಕಿದ್ದೀಯಲ್ಲೇ! ಹಿಟ್ಟು ಉಬ್ಬೋದು ಯಾವಾಗ, ರೊಟ್ಟಿ ಬಡಿಯೋದು ಯಾವಾಗ?"

"ಹೂಂ ಅಮ್ಮ," ಅಂದಳು ನಿಗೀನಾ.

"ಏನು ಹೂಂ?"

"ಹೂಂ ಅಮ್ಮ."

ಅತ್ತೆ ಬಿಕಜಾನ್ ಹಣೆ ಚಚ್ಚಿಕೊಂಡಳು. ಮಗ ಮದ್ರೀಮ್ ಸಮರ್ಕಂದದ ಈ ಹುಡುಗಿಯನ್ನು ಕಟ್ಟಿಕೊಂಡು ಬಂದವನು, ವಸಂತ ಕಳೆಯುವ ಮೊದಲೇ ಗಾರೆ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿದ್ದ. ಆಮೇಲೆ ಉರ್ಗೆಂಚಿನ ಈ ಅಂಗಳದಲ್ಲಿ ಇವರಿಬ್ಬರೇ. ಸೊಸೆಯ ಮನೆಮಾತು ತಾಜಿಕ್. ಉಜ್ಬೆಕ್ ಅಂದರೆ ಶಾಲೆಯಲ್ಲಿ ಕಲಿತದ್ದು, ಪುಸ್ತಕದ್ದು. ಈ ಖೊರೆಜ್ಮ್ ಸೀಮೆಯ ಹೆಂಗಸರು ಆಡುವ ಉಜ್ಬೆಕ್ ಅವಳ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಹಾಗಂತ ಇನ್ನೊಮ್ಮೆ ಹೇಳಿ ಅಂತ ಅತ್ತೆಯನ್ನು ಕೇಳುವುದುಂಟೇ? ದೊಡ್ಡವರು ಹೇಳಿದ್ದಕ್ಕೆ ತಲೆ ತಗ್ಗಿಸಿ ಹೂಂ ಅನ್ನಬೇಕು. ಹಾಗೆ ಬೆಳೆಸಿದ್ದರು.

"ನೀನು ಬಲು ಬಿರುಸಾಗಿ ಮಾತಾಡ್ತೀಯಂತೆ ಕಣೆ, ನಿನ್ನ ಸೊಸೆ ಅಂದ್ಲು," ಪಕ್ಕದ ಮನೆಯ ಓಯ್ಜಮೋಲ್ ಗೋಡೆಯಾಚೆಯಿಂದ ನಕ್ಕಳು.

"ನಾನಾ? ಅವಳು ತಾಯಿ ಹತ್ರ ಫೋನಲ್ಲಿ ಮಾತಾಡೋದನ್ನ ಕೇಳು ಒಂದ್ಸಲ! ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಉಸಿರೇ ತಗೊಳಲ್ಲ. ನನ್ನ ಮಾತು ಬಿರುಸಂತೆ!"

ಆಗಲೇ ಫೋನು ಬಡಿದುಕೊಂಡಿತು. ವಾರದಿಂದ ಮಗನ ಸುದ್ದಿಯಿರಲಿಲ್ಲ. ಬಿಕಜಾನ್ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡಳು. ಯಾರೋ ಹೆಂಗಸು, ರಷ್ಯನ್ನಿನಲ್ಲಿ. ನಡುವೆ ಮದ್ರೀಮ್ ಅಂತ ಕೇಳಿಸಿತು, ಆಸ್ಪತ್ರೆ ಅಂತ ಕೇಳಿಸಿತು. ಮಿಕ್ಕಿದ್ದೆಲ್ಲ ಜೋಳ ಹುರಿದ ಹಾಗೆ ಪಟಪಟ.

"ದಾ," ಅಂದಳು ಬಿಕಜಾನ್. ರಷ್ಯನ್ನಿನಲ್ಲಿ ಹೌದು ಅನ್ನುವುದಷ್ಟೇ ಅವಳಿಗೆ ಬರುತ್ತಿತ್ತು. "ದಾ, ದಾ... ದಾ."

ಫೋನು ಸುಮ್ಮನಾಯಿತು.

"ಏನಂದ್ರು ಅಮ್ಮ?"

"ನನಗೇನು ಗೊತ್ತು! ಆಸ್ಪತ್ರೆ ಅಂದ್ಲು. ಅಯ್ಯೋ ದೇವರೇ, ನನ್ನ ಮಗು!"

"ಮತ್ತೆ ದಾ ಅಂದ್ರಲ್ಲ?"

ಬಿಕಜಾನ್ ಫೋನನ್ನು ಸೊಸೆಯ ಕಡೆ ಚಾಚಿದಳು.

ನಿಗೀನಾ ಫೋನು ತೆಗೆದುಕೊಂಡು ಅದೇ ನಂಬರಿಗೆ ತಿರುಗಿ ಮಾಡಿದಳು. ಮದುವೆಗೆ ಮುಂಚೆ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಿದ್ದಾಗ ರಷ್ಯನ್ ಅಷ್ಟಿಷ್ಟು ಹತ್ತಿತ್ತು. ಅಲ್ಲಿಗೆ ಬರುತ್ತಿದ್ದವರು ಯಾರೂ ಅತ್ತೆಯಲ್ಲ. ನಾಚಿಕೆಯಿಲ್ಲದೆ ಕೇಳಬಹುದಿತ್ತು.

"ಮೆಲ್ಲಗೆ ಹೇಳಿ," ಅಂದಳು. "ಇನ್ನೊಮ್ಮೆ."

"ಈಗ ತಾನೇ ಹೇಳಿದೆನಲ್ರೀ!" ನರ್ಸ್ ರೇಗಿದಳು. "ಪೆನಿಸಿಲಿನ್ ಆಗಲ್ವಾ ಅಂದ್ರೂ ಹೌದು, ಅನಾಲ್ಗಿನ್ ಆಗಲ್ವಾ ಅಂದ್ರೂ ಹೌದು, ಏನೂ ತೊಂದರೆ ಇಲ್ವಾ ಅಂದ್ರೂ ಹೌದು! ಏನಂತ ಬರ್ಕೊಳ್ಳಲಿ?"

"ಇನ್ನೊಮ್ಮೆ. ಮೆಲ್ಲಗೆ."

ಮೂರನೆಯ ಸಲಕ್ಕೆ ಸಿಕ್ಕಿತು. ಮದ್ರೀಮನ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಒಡೆದಿದೆ, ಈಗಲೇ ಆಪರೇಷನ್. ಚಿಕ್ಕಂದಿನಲ್ಲಿ ಯಾವುದೋ ಇಂಜೆಕ್ಷನ್ನಿಗೆ ಮೈಯೆಲ್ಲ ಊದಿ ಸಾಯುವಂತಾಗಿತ್ತಂತೆ. ಯಾವುದೆಂದು ಅಮ್ಮನಿಗೇ ಗೊತ್ತು ಅನ್ನುತ್ತಿದ್ದಾನೆ.

ನಿಗೀನಾ ತನ್ನ ಪುಸ್ತಕದ ಉಜ್ಬೆಕ್‌ನಲ್ಲಿ ಅದನ್ನೆಲ್ಲ ಹೇಳಿದಳು. ಅತ್ತೆಯ ಮಾತಿನ ಕಟ್ಟೆ ಒಡೆಯಿತು. ಜ್ವರ, ಕೊರೆಯುವ ಚಳಿ, ಯಾವನೋ ಡಾಕ್ಟರು, ಒಂದು ಸೂಜಿ, ಇನ್ನೊಂದು ಸೂಜಿ, ಮುಚ್ಚಿಹೋದ ಕಣ್ಣು, ಕಂಬಳಿಯಲ್ಲಿ ಸುತ್ತಿ ಓಡಿದ ಗಂಡ, ಎಲ್ಲ ಒಂದೇ ಉಸಿರಿನಲ್ಲಿ.

"ಹೂಂ ಅ..." ಅಂದ ನಿಗೀನಾ ಅರ್ಧಕ್ಕೇ ನಿಂತಳು. ಫೋನಿನ ಬಾಯಿ ಅಂಗೈಯಿಂದ ಮುಚ್ಚಿದಳು.

"ಅಮ್ಮ, ನನಗೆ ಅರ್ಥ ಆಗಲಿಲ್ಲ. ಒಂದೊಂದೇ ಮಾತು ಹೇಳಿ."

ಓಯ್ಜಮೋಲ್ ಗೋಡೆಯ ಮೇಲಿಂದ ಇಣುಕಿದಳು. ಬಿಕಜಾನ್ ಸೊಸೆಯನ್ನು ದುರುಗುಟ್ಟಿ ನೋಡಿದಳು.

"ಪೆನಿಸಿಲಿನ್... ಒಗ್ಗಿತ್ತು." ನಿಂತಳು. "ಮಾರನೇ ದಿನ... ಅನಾಲ್ಗಿನ್ ಕೊಟ್ರು. ಅದಕ್ಕೆ... ಊದಿದ್ದು."

"ಅನಾಲ್ಗಿನ್ನಿಗೆ?"

"ಅನಾಲ್ಗಿನ್ನಿಗೆ."

ನಿಗೀನಾ ನರ್ಸಿಗೆ ಹೇಳಿದಳು. ನರ್ಸ್ ತಿರುಗಿ ಒಪ್ಪಿಸುವವರೆಗೂ ಬಿಡಲಿಲ್ಲ.

ಸಂಜೆ ಮದ್ರೀಮನ ಜೊತೆಗಾರ ಫೋನು ಮಾಡಿದ. ಆಪರೇಷನ್ ಆಯಿತು, ಕಣ್ಣು ಬಿಟ್ಟಿದ್ದಾನೆ, ನೀರು ಕೇಳುತ್ತಿದ್ದಾನೆ. ಅಷ್ಟರಲ್ಲಿ ತಂದೂರು ತಣ್ಣಗಾಗಿತ್ತು. ಮರೆತುಹೋದ ಹಿಟ್ಟು ಹುಳಿಬಂದು ಬೋಗುಣಿಯ ಅಂಚು ದಾಟಿ ಚೆಲ್ಲಿತ್ತು. ಬಿಕಜಾನ್ ಗೊಣಗುತ್ತ ಅದನ್ನು ಕೋಳಿಗಳಿಗೆ ಹಾಕಿ, ಹೊಸ ಹಿಟ್ಟು ಸುರಿದು ಸೊಸೆಯ ಮುಂದೆ ತಳ್ಳಿದಳು.

"ಹಿಟ್ಟು," ಅಂದಳು. ನಿಂತಳು. "ಮೆತ್ತಗೆ. ನಾದು."

ಅಭ್ಯಾಸದಂತೆ ತಗ್ಗಿದ ತಲೆಯನ್ನು ನಿಗೀನಾ ಮೇಲೆತ್ತಿದಳು. "ಎಷ್ಟು ಮೆತ್ತಗೆ, ಅಮ್ಮ?"

ಬಿಕಜಾನ್ ಲೊಚಗುಟ್ಟಿದಳು. ಕೈ ಚಾಚಿ ಸೊಸೆಯ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಮೆಲ್ಲನೆ ಹಿಚುಕಿದಳು.

"ಇಷ್ಟು."

ನಿಗೀನಾ ತೋಳಿನ ಬಟ್ಟೆ ಮಡಚಿ ನಾದತೊಡಗಿದಳು. ಕಿವಿಗೆ ಹತ್ತಿದ ಹಿಟ್ಟನ್ನು ಒರೆಸಿಕೊಳ್ಳಲಿಲ್ಲ.