ನನ್ನ ಕಕ್ಷಿದಾರರು ತಿಳಿಸುವುದೇನೆಂದರೆ

ನ್ಯಾಯಾಲಯದ ಬೀದಿಯಲ್ಲಿ ಆ ಹಿರಿಯ ವಕೀಲರಷ್ಟು ನಿಧಾನವಾಗಿ ನೋಟಿಸ್ ಬರೆಯುವವರು ಮತ್ತೊಬ್ಬರಿರಲಿಲ್ಲ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಒಂದು ಪದ ಬದಲಿಸಿದ್ದೂ ಉಂಟು. ಜೊತೆಯ ವಕೀಲರು ಬೆನ್ನ ಹಿಂದೆ ಅವರನ್ನು ‘ಅಲ್ಪವಿರಾಮ’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. “ಇರ್ಲಿ ಬಿಡಿ, ಪೂರ್ಣವಿರಾಮ ಅಂತ ಕರೆಯೋ ದಿನ ತಾನಾಗೇ ಬರುತ್ತೆ” ಎಂದು ನಗುತ್ತಿದ್ದರು. ನೋಟಿಸ್ ಎಂದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವರ ಲೆಕ್ಕ. ಓದಿದವನಿಗೆ ಕೊಂಚ ಭಯವಾಗಬೇಕು, ಅದಕ್ಕಿಂತ ಹೆಚ್ಚಾಗಿ ಎದುರು ಕೂತು ಮಾತಾಡೋಣ ಅನ್ನಿಸಬೇಕು.

ಆಮೇಲೆ ಅವರ ಕೈ ನಡುಗತೊಡಗಿತು. ಮೊದಲು ಬಲಗೈ, ನಂತರ ಎರಡೂ. ಸಹಿ ಹಾಕಿದರೆ ಇರುವೆ ಸಾಲಿನಂತೆ ಕಾಣುತ್ತಿತ್ತು. ಕಚೇರಿಯ ಭಾರವೆಲ್ಲ ಮಗಳ ಹೆಗಲಿಗೆ ಬಂತು. ಅವಳೂ ವಕೀಲೆಯೇ. ಬೆಳಗ್ಗೆ ಕೋರ್ಟು, ಮಧ್ಯಾಹ್ನ ಅಪ್ಪನ ಆಸ್ಪತ್ರೆ, ಸಂಜೆ ಕಕ್ಷಿದಾರರು. ಉಸಿರಾಡಲೂ ಪುರುಸೊತ್ತಿಲ್ಲದಂತಾದಾಗ ಅವಳು ಕಂಪ್ಯೂಟರಿಗೆ ಕೃತಕ ಬುದ್ಧಿಮತ್ತೆಯ ಆ ಸಾಧನವನ್ನು ಹಾಕಿಸಿದಳು. ಕಕ್ಷಿದಾರರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಅದಕ್ಕೆ ಕೊಟ್ಟರೆ ಸಾಕು, ವಿಷಯವನ್ನು ತಾನೇ ಹೆಕ್ಕಿ, ಕಾನೂನಿನ ಕಲಮುಗಳನ್ನು ಜೋಡಿಸಿ, ಚಹಾ ಆರುವುದರೊಳಗೆ ನೋಟಿಸ್ ಸಿದ್ಧ ಮಾಡುತ್ತಿತ್ತು. ಧಾಟಿ ಯಾವುದಿರಲಿ ಎಂದೂ ಕೇಳುತ್ತಿತ್ತು: ಸೌಮ್ಯ, ದೃಢ, ಕಠಿಣ.

ಹಿರಿಯರು ಅದಕ್ಕೆ ‘ಊಟ ಕೇಳದ ಗುಮಾಸ್ತ’ ಎಂದು ಹೆಸರಿಟ್ಟರು.

ಆ ದಿನಗಳಲ್ಲೇ ಕನ್ನಡಕದ ಅಂಗಡಿಯಾಕೆ ಬಂದಳು. ಐವತ್ತರ ಆಸುಪಾಸಿನ ಹೆಂಗಸು, ಬಟ್ಟೆಯಲ್ಲೆಲ್ಲ ಗಾಜು ಒರೆಸುವ ದ್ರಾವಣದ ವಾಸನೆ. ಕುರ್ಚಿಯ ತುದಿಯಲ್ಲಿ ಕೂತು, ಎದುರಿದ್ದ ವಕೀಲೆಯ ಕನ್ನಡಕ ಓರೆಯಾಗಿದೆ ಎಂದು ಮೊದಲು ಅದನ್ನು ಈಸಿಕೊಂಡು ಸರಿಮಾಡಿ ಕೊಟ್ಟಳು. ಆಮೇಲೆ ಮಾತು ಶುರುಮಾಡಿದಳು.

ಅವಳ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತಿದ್ದವನು ತಮ್ಮ. ಲಿಫ್ಟ್ ರಿಪೇರಿ ಮಾಡುವವನು, ಮದುವೆ ಆಗಿರಲಿಲ್ಲ. ಕೆಲಸಕ್ಕೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಿದ್ದ. ಮಧ್ಯೆ ಮಧ್ಯೆ ಓಡಿಬಂದು ಅಮ್ಮನ ಮಗ್ಗುಲು ಬದಲಿಸಿ ಹೋಗುತ್ತಿದ್ದ. ಹೀಗಿರುವಾಗ ಒಂದು ದಿನ ಅಮ್ಮನ ಮೈ ಒರೆಸುತ್ತಿದ್ದ ಅಕ್ಕನಿಗೆ ಬೆನ್ನಿನ ಮೇಲೆ ಹುಣ್ಣು ಕಂಡಿತು. ಪಕ್ಕದ ಮನೆಯವರ ಎದುರಲ್ಲೇ, “ಇದೇನಾ ನೀನು ನೋಡ್ಕೊಳ್ಳೋದು?” ಎಂದುಬಿಟ್ಟಳು. ತಮ್ಮ ನೀರಿನ ಬಕೆಟ್ ಎತ್ತಿಕೊಂಡು ಹೊರಗೆ ಹೋದ. ಮರುದಿನ ಬೀಗ ಬದಲಾಗಿತ್ತು. ಫೋನ್ ಎತ್ತಲಿಲ್ಲ. ಬಾಗಿಲು ತಟ್ಟಿದರೆ ಒಳಗೆ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

“ಅವನನ್ನ ಹೆದರಿಸೋದು ಬೇಡ ಮೇಡಂ” ಎಂದಳು. “ಬಾಗಿಲು ತೆಗೆದ್ರೆ ಸಾಕು. ಅವನು ಮನೇಲಿ ಇಲ್ದಾಗ ಹೋಗಿ ಅಮ್ಮನ ಹತ್ರ ಕೂತು ಬರ್ತೀನಿ, ಅವನ ಕಣ್ಣಿಗೂ ಬೀಳಲ್ಲ. ಆ ಹುಣ್ಣಿನ ವಿಷಯ ಮಾತ್ರ ಬರೀಬೇಡಿ. ಅದು ನಾನು ಆಡಬಾರದಿದ್ದ ಮಾತು. ಚಿಕ್ಕಂದಿನಿಂದ ಹಾಗೇ ಅವನು, ಒಂದು ಮಾತು ನಾಟಿತು ಅಂದ್ರೆ ವರ್ಷಗಟ್ಟಲೆ ಒಳಗೇ ಇಟ್ಕೊಂಡಿರ್ತಾನೆ.”

“ಆಯ್ತು” ಎಂದಳು ವಕೀಲೆ. ಮೇಜಿನ ಮೇಲಿದ್ದ ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಹೊರಗೆ ಇನ್ನಿಬ್ಬರು ಕಾದಿದ್ದರು. ಆಕೆ ಹೋದ ಕೂಡಲೇ ವಕೀಲೆ ‘ದೃಢ’ ಎಂಬುದನ್ನು ಒತ್ತಿದಳು. ಬಂದ ನೋಟಿಸಿಗೆ ಎಲ್ಲೂ ಬೆರಳಿಟ್ಟು ತೋರಿಸುವ ತಪ್ಪಿರಲಿಲ್ಲ. ಆದರೆ ಮೂರನೆಯ ಪ್ಯಾರಾದಲ್ಲಿ ಹುಣ್ಣು ಇತ್ತು. ‘ತಾವು ತೋರಿರುವ ಘೋರ ನಿರ್ಲಕ್ಷ್ಯದ ಫಲವಾಗಿ ವೃದ್ಧ ತಾಯಿಯ ಬೆನ್ನಿನ ಮೇಲೆ ಹುಣ್ಣುಗಳಾಗಿರುವುದನ್ನು ನನ್ನ ಕಕ್ಷಿದಾರರು ಕಣ್ಣಾರೆ ಕಂಡಿರುತ್ತಾರೆ.’ ಅದರ ಕೆಳಗೆ, ಭೇಟಿಗೆ ಅವಕಾಶ ಕೊಡಬೇಕು, ತಪ್ಪಿದಲ್ಲಿ ಸಂಬಂಧಪಟ್ಟ ಅಧಿಕಾರಿಗಳಿಗೆ ದೂರು ನೀಡಿ ತಮ್ಮ ಮೇಲೆ ಕ್ರಿಮಿನಲ್ ಕ್ರಮ ಜರುಗಿಸಲಾಗುವುದು ಎಂದಿತ್ತು.

ಅವಳು ಆ ಪ್ಯಾರಾ ನೋಡದೆ ಇರಲಿಲ್ಲ. ಅಳಿಸಲು ಬೆರಳೂ ಹೋಗಿತ್ತು. ಅದನ್ನು ತೆಗೆದರೆ ಉಳಿಯುವುದು ಬರೀ ಅಂಗಲಾಚುವ ಕಾಗದ, ಅಂಥವೆಲ್ಲ ಕಸದ ಬುಟ್ಟಿ ಸೇರುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇಡೀ ನೋಟಿಸಿನಲ್ಲಿ ಹಲ್ಲಿದ್ದದ್ದು ಆ ಪ್ಯಾರಾಕ್ಕೆ ಮಾತ್ರ. ಹಾಗೇ ಬಿಟ್ಟಳು.

ಅಪ್ಪನಿಗೆ ಓದಿ ಹೇಳಿದಳು. ಅವರು ನಡುಗುವ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೇಳಿದರು.

“ಆ ಹೆಣ್ಮಗಳು ಹೀಗೆ ಮಾತಾಡಿದ್ಲಾ?”

“ಇದು ನೋಟಿಸ್ ಅಪ್ಪ, ಮಾತಲ್ಲ.”

“ಎರಡು ದಿನ ಇಟ್ಕೊಂಡು ನೋಡು. ಶಾಯಿ ಆರಲಿ.”

“ಅವರಮ್ಮ ಹಾಸಿಗೆ ಹಿಡಿದಿದಾರೆ. ಎರಡು ದಿನ ಕಾಯೋಕೆ ಆಗುತ್ತಾ? ನೀವು ಬರೆಯೋ ಹೊತ್ತಿಗೆ ಎಷ್ಟು ಜನ ರಾಜಿಯಾಗಿ ಮನೆಗೆ ಹೋಗಿಬಿಟ್ಟಿದಾರೆ, ನಿಮಗೇ ಗೊತ್ತಲ್ಲ.”

“ಅದಕ್ಕೇ ನಿಧಾನ ಮಾಡ್ತಿದ್ದೆ” ಎಂದರು ಹಿರಿಯರು. “ಹೋಗ್ಲಿ. ಕೈಲಾಗದವನ ಮಾತು” ಎಂದು ಕಿಟಕಿಯ ಕಡೆ ತಿರುಗಿದರು.

ಕಳಿಸುವ ಮೊದಲು ಕನ್ನಡಕದಾಕೆಯನ್ನು ಕರೆಸಿ ಓದಿ ಹೇಳಿದ್ದಾಯಿತು. ಆ ಭಾಷೆಯಲ್ಲಿ ಅರ್ಧ ಅವಳ ತಲೆಯ ಮೇಲಿಂದಲೇ ಹೋಯಿತು. ಹುಣ್ಣಿನ ಮಾತು ಬಂದಾಗ ಮಾತ್ರ ತಲೆ ಎತ್ತಿದಳು. “ಇದು ಸ್ವಲ್ಪ ಜೋರಾಗ್ಲಿಲ್ವಾ ಮೇಡಂ?”

“ಕಾಗದದಲ್ಲಿ ಹೀಗೇ ಇರುತ್ತಮ್ಮ. ನಿಮ್ಮ ತಮ್ಮ ಇದನ್ನ ಯಾರಾದ್ರೂ ವಕೀಲರಿಗೆ ತೋರಿಸ್ತಾರೆ, ಅವರು ಬುದ್ಧಿ ಹೇಳ್ತಾರೆ, ಇವರು ಬಾಗಿಲು ತೆಗೀತಾರೆ.”

ಓದಿದವರ ಮಾತು ಎಂದು ಆಕೆ ಹೂಂಗುಟ್ಟಿದಳು.

ಉತ್ತರ ತಡವಾಗಲಿಲ್ಲ. ತಮ್ಮನ ವಕೀಲರು ಪುಟಗಟ್ಟಲೆ ಬರೆದಿದ್ದರು. ಅಕ್ಕನಾದವಳು ಈವರೆಗೆ ತಾಯಿಯ ಸೇವೆ ಮಾಡಿದವಳಲ್ಲ. ಅವಳ ಕಣ್ಣಿರುವುದು ತಾಯಿಯ ಹೆಸರಿನಲ್ಲಿರುವ ಮನೆಯ ಮೇಲೆ. ಈ ನೋಟಿಸ್ ಅದಕ್ಕೆ ಹೂಡಿದ ಹುನ್ನಾರ. ಓದುತ್ತಾ ಹೋದಂತೆ ವಕೀಲೆಗೆ ವಾಕ್ಯಗಳ ನಡಿಗೆ ಪರಿಚಿತವೆನ್ನಿಸಿತು. ಅದೇ ಏರಿಳಿತ, ಅದೇ ‘ಘೋರ’, ಅದೇ ‘ಕಣ್ಣಾರೆ’. ಆ ಕಚೇರಿಯಲ್ಲೂ ಊಟ ಕೇಳದ ಗುಮಾಸ್ತ ಸೇರಿಕೊಂಡಿದ್ದ. ಕಡೆಯ ಸಾಲಿನಲ್ಲಿ ಇನ್ನೊಂದು ಸುದ್ದಿಯಿತ್ತು. ನಿರ್ಲಕ್ಷ್ಯದ ಆರೋಪಕ್ಕೆ ಎಡೆಯಿರಬಾರದೆಂದು ತಾಯಿಯನ್ನು ತರಬೇತಾದ ದಾದಿಯರಿರುವ ಆರೈಕೆ ಕೇಂದ್ರಕ್ಕೆ ಸೇರಿಸಲಾಗಿದೆ.

ವಕೀಲೆ ಅದನ್ನು ಕನ್ನಡಕದಾಕೆಗೆ ಫೋನಿನಲ್ಲಿ ಹೇಳಿದಳು.

“ಅಮ್ಮನಿಗೆ ಕತ್ತಲು ಕಂಡ್ರೆ ಭಯ ಮೇಡಂ. ದೀಪ ಬೇಕು ಅಂತ ಬಾಯಿಬಿಟ್ಟು ಹೇಳೋಕೂ ಆಗಲ್ಲ” ಎಂದಳು ಆಕೆ. “ಅದು ಅವನಿಗೆ ಗೊತ್ತು, ನನಗೆ ಗೊತ್ತು. ಅಲ್ಲಿ ಯಾರಿಗೆ ಗೊತ್ತು?”

ಕೇಂದ್ರದಲ್ಲಿ ಅವಳನ್ನು ಒಳಗೆ ಬಿಡಲಿಲ್ಲ. ಸೇರಿಸಿದವರ ಒಪ್ಪಿಗೆಯಿಲ್ಲದೆ ಯಾರನ್ನೂ ಬಿಡುವಂತಿಲ್ಲವಂತೆ. ವಕೀಲೆ ಕೇಂದ್ರಕ್ಕೂ ನೋಟಿಸ್ ಕಳಿಸಿದಳು. ಬೆಳಗ್ಗೆ ಹೋದದ್ದಕ್ಕೆ ಮಧ್ಯಾಹ್ನವೇ ಉತ್ತರ ಬಂತು, ಅದೂ ಅದೇ ನಡಿಗೆಯದು. ಹಿರಿಯರು ನಾಲ್ಕೂ ಕಾಗದಗಳನ್ನು ಪಕ್ಕಪಕ್ಕ ಇಡಿಸಿಕೊಂಡು ನೋಡಿದರು. “ಗುಮಾಸ್ತ ಗುಮಾಸ್ತನ ಜೊತೆ ಜಗಳಕ್ಕೆ ಬಿದ್ದಿದಾನೆ. ನಾವು ಅಂಚೆಯವರಾದ್ವಿ” ಎಂದರು. ಮಗಳು ನಗಲಿಲ್ಲ. ಅವರೂ ನಗಿಸಲು ಹೇಳಿರಲಿಲ್ಲ.

ಕೋರ್ಟಿನಲ್ಲಿ ಅರ್ಜಿ ಹಾಕುವ ತಯಾರಿ ನಡೆದಿದ್ದಾಗಲೇ ಕನ್ನಡಕದಾಕೆಯ ಅಮ್ಮ ತೀರಿಕೊಂಡಳು. ಕೇಂದ್ರದವರು ಮಗನಿಗೆ ಫೋನ್ ಮಾಡಿದಾಗ ಅವನು ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯಲ್ಲಿ ಇಳಿದಿದ್ದ, ಅಲ್ಲಿಗೆ ಸಿಗ್ನಲ್ ಬರುತ್ತಿರಲಿಲ್ಲ. ಅಕ್ಕನ ನಂಬರು ಕೇಂದ್ರದವರ ಬಳಿ ಇರಲಿಲ್ಲ. ಅವಳು ಅಮ್ಮನ ಮುಖ ನೋಡಿದ್ದು ಬಿಳಿ ಬಟ್ಟೆ ಹೊದಿಸಿದ ಮೇಲೆ. ಅಕ್ಕ ತಮ್ಮ ಕೋಣೆಯ ಎರಡು ಬದಿಗೆ ನಿಂತಿದ್ದರು. ಅವನ ಅಂಗಿಯ ತೋಳಿನಲ್ಲಿ ಗ್ರೀಸ್ ಹಾಗೇ ಇತ್ತು.

ಕೆಲವು ದಿನಗಳ ಮೇಲೆ ವಕೀಲೆಯ ಕಚೇರಿಗೆ ಒಬ್ಬ ಗಂಡಸು ಬಂದ. ಕೈಯಲ್ಲಿ ಕಾಗದವಿರಲಿಲ್ಲ, ಜೊತೆಗೆ ವಕೀಲರಿರಲಿಲ್ಲ. ತಾನು ಯಾರೆಂದು ಹೇಳಿದ ಮೇಲೂ ನಿಂತೇ ಇದ್ದ.

“ಜಗಳಕ್ಕೆ ಬಂದಿಲ್ಲ ಮೇಡಂ. ಒಂದೇ ಒಂದು ಮಾತು ಕೇಳ್ಬೇಕಿತ್ತು. ಅಮ್ಮನ ಹುಣ್ಣಿನ ಬಗ್ಗೆ ನೀವು ಬರೆದಿದ್ರಲ್ಲ, ಅದನ್ನ ಅಕ್ಕ ಬರೀರಿ ಅಂದ್ಲಾ? ನನ್ನನ್ನ ಜೈಲಿಗೆ ಹಾಕಿಸ್ತೀನಿ ಅಂದ್ಲಾ?”

ಕಕ್ಷಿದಾರರ ಮಾತನ್ನು ಎದುರು ಪಕ್ಷದವನಿಗೆ ಹೇಳಬಾರದು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ತನ್ನ ತಪ್ಪನ್ನು ತಾನೇ ಬಾಯಿಬಿಟ್ಟರೆ ನಾಳೆ ತನ್ನ ಮೇಲೇ ನೋಟಿಸ್ ಬರಬಹುದೆಂಬುದೂ ಗೊತ್ತಿತ್ತು. ಒಳಗಿನ ಕೋಣೆಯಲ್ಲಿ ಅಪ್ಪನ ಕುರ್ಚಿ ಕಿರುಗುಟ್ಟಿತು.

“ಇಲ್ಲ” ಎಂದಳು. “ಬರೀಬೇಡಿ ಅಂದಿದ್ರು. ಅದು ತಾನು ಆಡಬಾರದಿದ್ದ ಮಾತು ಅಂದಿದ್ರು. ಯಂತ್ರ ಸೇರಿಸ್ತು, ನಾನು ನೋಡಿದೆ, ತೆಗೀಲಿಲ್ಲ.”

ಅವನು ಈಗ ಕೂತ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದವನಂತೆ ಮೇಜಿನ ಮೇಲಿಟ್ಟ, ಮತ್ತೆ ತೆಗೆದ.

“ಮನೆ ಮೇಲೆ ಅಕ್ಕನ ಕಣ್ಣು ಅಂತ ನಾನೂ ಹೇಳಿರ್ಲಿಲ್ಲ. ನಮ್ಮ ವಕೀಲರು ಬರೆದು ಕಳಿಸಿದ ಮೇಲೇ ಓದಿದೆ. ಓದ್ತಾ ಓದ್ತಾ ಇರಬಹುದೇನೋ ಅನ್ನಿಸ್ತು. ಆ ಹುಣ್ಣು ಮಾಯ್ತಾ ಬಂದಿತ್ತು ಮೇಡಂ. ಡಾಕ್ಟರು ಹೇಳಿಕೊಟ್ಟ ಹಾಗೆ ದಿನಾ ತೊಳೀತಿದ್ದೆ. ವಾಸಿಯಾದ ಮೇಲೆ ಅಕ್ಕನ್ನ ಕರೆದು ತೋರಿಸೋಣ ಅಂತಿದ್ದೆ. ಅಷ್ಟರಲ್ಲಿ ನಿಮ್ಮ ಕಾಗದ ಬಂತು. ಪೊಲೀಸ್ರು ಬರ್ತಾರೆ ಅಂತ ಹೆದರಿ ಅಮ್ಮನ್ನ ಅಲ್ಲಿ ಬಿಟ್ಟು ಬಂದೆ. ಬಿಟ್ಟು ಬರೋವಾಗ ನನ್ನ ಅಂಗಿ ಹಿಡ್ಕೊಂಡಿದ್ಲು, ಒಂದೇ ಕೈಯಲ್ಲಿ. ಬಿಡಿಸ್ಕೊಂಡು ಬಂದೆ.”

ವಕೀಲೆ ನೀರು ಕೊಟ್ಟಳು, ಅವನು ಕುಡಿಯಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ತಿರುಗಿದ.

“ಹಾಗಾದ್ರೆ ಇಷ್ಟು ದಿನ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ?”

ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದ.

ಮರುದಿನ ವಕೀಲೆ ಕನ್ನಡಕದ ಅಂಗಡಿಗೆ ಹೋದಳು. ಗಿರಾಕಿಗಳಿರಲಿಲ್ಲ. ಗೋಡೆಯ ಕನ್ನಡಿಗಳಲ್ಲೆಲ್ಲ ಖಾಲಿ ಚೌಕಟ್ಟುಗಳ ಸಾಲು. ಬಂದ ವಿಷಯ ಹೇಳಿದಳು: ಹುಣ್ಣಿನ ಪ್ಯಾರಾ ತಾನೇ ಉಳಿಸಿದ್ದು, ಬೇಡವೆಂದಿದ್ದು ನೆನಪಿದ್ದೂ ಉಳಿಸಿದ್ದು, ಅದನ್ನು ತಮ್ಮನಿಗೂ ಹೇಳಿದ್ದು. ತನ್ನ ಮೇಲೆ ವಕೀಲರ ಬಾರ್ ಕೌನ್ಸಿಲಿಗೆ ದೂರು ಕೊಡುವುದಾದರೆ ಹೇಗೆ ಕೊಡಬೇಕೆಂದೂ ತಿಳಿಸಿದಳು.

ಆಕೆ ಒಂದು ಗಾಜನ್ನು ಒರೆಸುತ್ತಲೇ ಕೇಳಿಸಿಕೊಂಡಳು. “ಗೊತ್ತು. ನಿನ್ನೆ ಅವನೇ ಇಲ್ಲಿಗೆ ಬಂದು ಹೇಳಿದ.”

“ಮತ್ತೇನಂದ್ರು?”

“ಬೇರೇನೂ ಇಲ್ಲ. ನೀವು ಕೂತಿದೀರಲ್ಲ, ಅಲ್ಲೇ ಕೂತಿದ್ದ. ಊಟ ಆಯ್ತಾ ಅಂದೆ, ಆಯ್ತು ಅಂದ. ಸುಳ್ಳು, ಆಗಿರ್ಲಿಲ್ಲ. ಅಮ್ಮ ಇದ್ದಿದ್ರೆ ಇಬ್ಬರೂ ಜಗಳ ಆಡ್ತಿದ್ವಿ, ಅವಳು ಕಣ್ಣಲ್ಲೇ ಬಯ್ತಿದ್ಲು. ಈಗ ಜಗಳ ಆಡೋಕೂ ಏನೂ ಉಳಿದಿಲ್ಲ. ಎದ್ದು ಹೋದ.”

“ಮತ್ತೆ ಬರ್ತೀನಿ ಅಂದ್ರಾ?”

“ಅನ್ಲಿಲ್ಲ. ಬಾ ಅಂತ ನಾನೂ ಅನ್ಲಿಲ್ಲ.”

ವಕೀಲೆ ಮೆಲ್ಲಗೆ, “ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳಿ” ಎಂದಳು.

“ಮಾಡ್ಕೊಂಡಿದೀನಿ” ಎಂದಳು ಆಕೆ. ದನಿ ಏರಲಿಲ್ಲ. “ದೂರು ಗೀರು ಏನೂ ಬೇಡ, ಮತ್ತೆ ಅದಕ್ಕೂ ಯಾರಾದ್ರೂ ಬರೀಬೇಕು. ನನ್ನ ಹೆಸರಲ್ಲಿ ಇನ್ನು ಒಂದಕ್ಷರ ಬರೀಬೇಡಿ, ಅಷ್ಟು ಸಾಕು.”

ವಕೀಲೆ ಕಚೇರಿಗೆ ಮರಳಿದಾಗ ಬೆಂಚಿನ ಮೇಲೆ ಒಬ್ಬ ಮುದುಕ ಕಾದು ಕೂತಿದ್ದ. ಮಹಡಿಯ ಮೇಲಿನವರು ಅವನ ಬಾಲ್ಕನಿಗೆ ಬಿಸಿಲು ಬಾರದಂತೆ ತಗಡು ಹೊದಿಸಿದ್ದರಂತೆ. ಅವಳು ಅವನನ್ನು ಒಳಗೆ ಕರೆದು ಕೂರಿಸಿ ಫೋನನ್ನು ಚೀಲದೊಳಗೆ ಹಾಕಿದಳು. ಏನಾಯಿತು ಹೇಳಿ ಎಂದಳು. ಮುದುಕ ಮದುವೆಯಾದ ವರ್ಷದಿಂದ ಶುರುಮಾಡಿದ. ಹೊರಗೆ ಇನ್ನೂ ಮೂರು ಜನ ಬಂದು ಕೂತರು, ಆಮೇಲೆ ಅವರಲ್ಲಿ ಒಬ್ಬ ಗಡಿಯಾರ ನೋಡಿ ಎದ್ದು ಬೇರೆ ವಕೀಲರನ್ನು ಹುಡುಕಿಕೊಂಡು ಹೋದ. ಅವಳು ನೋಡಿದಳು, ತಡೆಯಲಿಲ್ಲ. ಮುದುಕನ ಮಾತಿಗೆ ಮತ್ತೆ ಕಿವಿಗೊಟ್ಟಳು. ಅರ್ಧ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಅಂಗಿ ಹಿಡಿದ ಒಂದು ಕೈ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.