ಮೈಕಿನ ಕೆಳಗಿನ ಕುರ್ಚಿ

ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ, ನೈರೋಬಿಯ ಕಿಲಿಮಾನಿ ಬಡಾವಣೆಯ ಐದನೇ ಮಹಡಿಯ ಫ್ಲಾಟೊಂದರಲ್ಲಿ, ಹುಟ್ಟು ಸಾವುಗಳೆರಡನ್ನೂ ಬದಿಗೊತ್ತಿ ಒಂದು ಮಹಾಪ್ರಶ್ನೆ ತಲೆಯೆತ್ತಿತ್ತು: ಎಕ್ಸ್‌ಟೆನ್ಷನ್ ಬಾಕ್ಸ್ ಎಲ್ಲಿದೆ?

ಅದನ್ನು ಹುಡುಕುತ್ತ ಗಿರಿಜಾ ಸೋಫಾದಡಿ ಅರ್ಧ ಮೈ ತೂರಿಸಿದ್ದರು. ನಾಲ್ಕು ಹೆಜ್ಜೆ ಆಚೆ ಅವರ ಗಂಡ ವಿಶ್ವನಾಥರು ಹಾರ ಹಾಕಿಸಿಕೊಂಡು, ಈ ಗಡಿಬಿಡಿಗೂ ತಮಗೂ ಸಂಬಂಧವಿಲ್ಲವೆಂಬಂತೆ ಮಲಗಿದ್ದರು. ಶವಾಗಾರದಿಂದ ಒಂದು ಗಂಟೆಯ ಮಟ್ಟಿಗೆ ಮನೆಗೆ ತಂದಿದ್ದರು.

"ಅಮ್ಮ, ಎದ್ದೇಳು. ಎಲ್ಲಾ ನೋಡ್ತಿದಾರೆ," ಎಂದ ಮಗ ಸುಜಯ್.

"ನೋಡೋರು ಸ್ವಲ್ಪ ಹುಡುಕ್ಲಿ. ಪೀಟರ್ ತರೋ ಟೇಪ್ ಮಷೀನಿನ ವೈರು ಗಿಡ್ಡ ಅಂತೆ."

"ಸಾವಿನ ಮನೇಲಿ ಅಪ್ಪನ ನಗು ಹಾಕಿ ಕೇಳಿಸ್ತಾರಾ ಯಾರಾದ್ರೂ? ಎಲ್ಲಾ ಮುಗಿದ್ಮೇಲೆ ಕೇಳು."

"ಆಮೇಲೆ ನಾನೊಬ್ಬಳೇ ಕೇಳ್ಬೇಕು ಕಣೋ. ಅವರು ಇನ್ನೂ ಇಲ್ಲಿರೋವಾಗ ಒಂದ್ಸಲ ಕೇಳ್ಬೇಕು."

ಗಂಟಲಿನ ಆಪರೇಷನ್ ವಿಶ್ವನಾಥರ ದನಿಯನ್ನು ಕಿತ್ತುಕೊಂಡು ಮೂರು ವರ್ಷವಾಗಿತ್ತು. ಆಮೇಲೆ ಅವರು ನಕ್ಕರೆ ಭುಜವಷ್ಟೇ ಅಲುಗುತ್ತಿತ್ತು. ಮನೆಯ ವಿಡಿಯೋಗಳಲ್ಲೂ ಅವರ ದನಿಯಿಲ್ಲ. ಫೋನ್ ಹಿಡಿದವರೇ ಅವರು, ಕೈ ನಡುಗೀತೆಂದು ಉಸಿರು ಬಿಗಿಹಿಡಿದು ತೆಗೆಯುತ್ತಿದ್ದರು. ಆ ನಗು ಉಳಿದಿದ್ದರೆ ಟೀವಿ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ ಪೀಟರ್‌ನ ಹಳೆಯ ಪೆಟ್ಟಿಗೆಯಲ್ಲಿ ಉಳಿದಿರಬೇಕು. ಬೆಳಿಗ್ಗೆ ಅವನೇ ಫೋನ್ ಮಾಡಿದ್ದ: ಕ್ಯಾಸೆಟ್ ಸಿಕ್ಕಿದೆ.

"ಗಿರಿಜಮ್ಮ, ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಹೊರಡಲೇಬೇಕು," ಎಂದರು ಚಕ್ರಪಾಣಿ. ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ಅವರ ಕೆಲಸ. ಬಿಡುವಿನಲ್ಲಿ ನೈರೋಬಿಯ ಕನ್ನಡಿಗರಿಗೆ ಪುರೋಹಿತರು. ಎರಡೂ ಕಡೆ ಒಂದೇ ದನಿ.

ಕಿಟಕಿಯ ಬಳಿ ಫೋನ್ ಹಿಡಿದು ನಿಂತಿದ್ದ ಮೊಮ್ಮಗಳು ಶರ್ವಾಣಿ ಕೂಗಿದಳು: "ಅಜ್ಜಿ! ಪೀಟರ್ ಅಂಕಲ್ ಈಸ್ ಸ್ಟಕ್. ಟೋಟಲ್ ಜಾಮ್!"

"ಟ್ಯಾಕ್ಸಿ ಬಿಟ್ಟು ಬಾಡಿಗೆ ಬೋಡಾ ಬೈಕ್ ಹತ್ತೋಕೆ ಹೇಳೇ!"

"ಹೀ ಈಸ್ ಸೆವೆಂಟಿ, ಅಜ್ಜಿ!"

"ಆದ್ರೇನು, ಹಿಂದೆ ತಾನೇ ಕೂರೋದು?"

*

ಎಂಬತ್ತರ ದಶಕದಲ್ಲಿ ವಿಶ್ವನಾಥರ ಕಾರ್ಖಾನೆಯವರಿಗೆ ಟೀವಿ ಸ್ಟುಡಿಯೋದ ಪಾಸು ಸಿಗುತ್ತಿತ್ತು. ಹಾಸ್ಯ ಧಾರಾವಾಹಿಯ ಶೂಟಿಂಗ್. ಕೂತು ನಗುವುದಷ್ಟೇ ಪ್ರೇಕ್ಷಕರ ಕೆಲಸ. ಮಾತೆಲ್ಲ ಸ್ವಾಹಿಲಿ. ವಿಶ್ವನಾಥರ ಸ್ವಾಹಿಲಿಯೋ 'ಬೇಗ', 'ನಾಳೆ', 'ಮಷೀನ್ ಕೆಟ್ಟಿದೆ' ಎಂಬಲ್ಲಿಗೆ ಮುಗಿಯುತ್ತಿತ್ತು. ತರಕಾರಿಯವಳೊಡನೆ ಚೌಕಾಶಿ ಮಾಡಿ ಭಾಷೆ ಕಲಿತಿದ್ದ ಗಿರಿಜಾ, ಪ್ರತಿ ಜೋಕನ್ನೂ ಕನ್ನಡ ಮಾಡಿ ಅವರ ಕಿವಿಗೆ ಹಾಕುತ್ತಿದ್ದರು. ಹೀಗಾಗಿ ಸಭೆ ನಕ್ಕು ತಣ್ಣಗಾದ ಮೇಲೆ ವಿಶ್ವನಾಥರದು ಶುರು: ಮೊದಲು ಗೊರಕೆಯಂಥದೊಂದು ಸದ್ದು, ಹಿಂದೆಯೇ ಕುಕ್ಕರಿನ ಸೀಟಿ. ಅದನ್ನು ಕೇಳಿ ಸಭೆ ಇನ್ನೊಮ್ಮೆ ನಗುತ್ತಿತ್ತು.

ಮೂರನೇ ವಾರ ತರುಣ ಪೀಟರ್ ಹೆಡ್‌ಫೋನನ್ನು ಕೊರಳಿಗಿಳಿಸಿಕೊಂಡು ನೇರ ಅವರ ಸಾಲಿಗೇ ಬಂದ.

"ತಡವಾಗಿ ನಗೋದು ಯಾರು?"

ಗಿರಿಜಾ ಚೀಲ ಎತ್ತಿಕೊಂಡು ಎದ್ದೇಬಿಟ್ಟರು.

"ಕೂತ್ಕೊಳ್ಳಿ ಮಾಮಾ," ಎಂದ ಪೀಟರ್; ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. "ಎಲ್ಲರೂ ಒಟ್ಟಿಗೆ ನಕ್ಕರೆ ತಗಡಿನ ಮೇಲೆ ಮಳೆ ಹೊಯ್ದ ಹಾಗೆ. ಇವರದು ಸೇರಿದರೆ ನಿಜವಾಗಿ ಮನುಷ್ಯರು ಕೂತಿದ್ದಾರೆ ಅನ್ನಿಸುತ್ತೆ."

ಮುಂದಿನ ವಾರದಿಂದ ಅವರಿಬ್ಬರಿಗೆ ಮೈಕಿನ ಕೆಳಗೇ ಕುರ್ಚಿ. ಪ್ರೇಕ್ಷಕರಿಲ್ಲದೆ ತೆಗೆದ ನಾಟಕಗಳಿಗೂ ಪೀಟರ್ ಆ ನಗುವನ್ನೇ ಅಂಟಿಸಿದ. ವರ್ಷಗಟ್ಟಲೆ ಟೀವಿಯಲ್ಲಿ ಕುಕ್ಕರ್ ಕೂಗಿತು. ಕೂಗಿದಾಗಲೆಲ್ಲ "ನಾನೇ ಕಣೇ," ಎಂದು ವಿಶ್ವನಾಥರು ನೆಟ್ಟಗೆ ಕೂರುತ್ತಿದ್ದರು. ತಡವೇಕೆಂದು ಯಾರಾದರೂ ಕೇಳಿದರೆ, "ನಾನು ಜೋಕನ್ನ ನುಂಗಲ್ಲ ಸ್ವಾಮಿ, ಚಪ್ಪರಿಸ್ತೀನಿ," ಎಂದು ಉತ್ತರ. ಆಗ ಗಿರಿಜಾ ಕಾಫಿಯ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದರು.

*

ಹನ್ನೆರಡಕ್ಕೆ ಎಂಟು ನಿಮಿಷ. ನಾಲ್ವರು ಎತ್ತಲು ಬಗ್ಗಿದರು.

"ಕೈ ತೆಗೀರಿ," ಎಂದರು ಗಿರಿಜಾ. ಕಾರ್ಖಾನೆಯ ಸೈರನ್ ಕೇಳಿದವರಂತೆ ನಾಲ್ವರೂ ನೆಟ್ಟಗಾದರು.

"ಹೀ ಈಸ್ ಹಿಯರ್!" ಶರ್ವಾಣಿ ಕಿಟಕಿಯಲ್ಲಿ ಕುಣಿದಳು. "ಆನ್ ಎ ಬೋಡಾ!"

ಹೆಲ್ಮೆಟ್ ತೆಗೆಯುವುದನ್ನೂ ಮರೆತು ಪೀಟರ್ ಒಳಗೆ ಬಂದ. ಟೇಪ್‌ರೆಕಾರ್ಡರನ್ನು ಎಳೆಗೂಸಿನಂತೆ ಅವುಚಿಕೊಂಡೇ ಹೆಣದ ಮುಂದೆ ತಲೆಬಾಗಿಸಿದ. "ಪೋಲೆ ಸಾನಾ, ಮಾಮಾ," ಎಂದು ಸಂತಾಪ ಹೇಳಿ ಗಿರಿಜಾರ ಕೈ ಹಿಡಿದ.

ಸುಜಯ್ ತನ್ನ ಕೋಣೆಗೆ ಹೋಗಿ ಎಕ್ಸ್‌ಟೆನ್ಷನ್ ಬಾಕ್ಸ್ ತಂದ. ಇಷ್ಟು ಹೊತ್ತು ಅದು ಅಲ್ಲೇಕಿತ್ತೆಂದು ತಾಯಿ ಕೇಳಲಿಲ್ಲ.

"ಇದು ಒರಿಜಿನಲ್," ಎಂದ ಪೀಟರ್ ಸ್ವಾಹಿಲಿಯಲ್ಲಿ. "ಟೀವಿಗೆ ಹಾಕುವಾಗ ಮೊದಲಿನ ಚೂರು ಕತ್ತರಿಸ್ತಿದ್ದೆ. ಯಾರೋ ಏನೋ ಮಾತಾಡ್ತಾರೆ. ನನಗೆ ತಿಳಿಯಲ್ಲ."

ಗುಂಡಿ ಒತ್ತಿದ. ಸುಯ್ಯೆನ್ನುವ ಸದ್ದು, ಸಭೆಯ ನಗು, ಮೌನ. ಆಮೇಲೆ ಮೈಕಿಗೆ ತೀರ ಹತ್ತಿರದಲ್ಲಿ, ಎಳೆ ಹೆಂಗಸೊಬ್ಬಳ ಅಚ್ಚ ಮೈಸೂರು ಪಿಸುಮಾತು:

"ರೀ, ಅವನು ಒಳಗೆ ಅವಿತ್ಕೊಂಡಿರೋ ಬೀರುನ ಅತ್ತೆ ಮಾರ್ಬಿಟ್ಟಿದಾಳೆ ಕಣ್ರೀ!"

ಒಂದು ಗಳಿಗೆ ಬಿಟ್ಟು ಗೊರಕೆ. ಹಿಂದೆಯೇ ಸೀಟಿ.

ಇಡೀ ಮನೆ ಗಿರಿಜಾರ ಕಡೆ ತಿರುಗಿತು. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ಭುಜ ಕುಲುಕುತ್ತಿತ್ತು.

"ಚಪ್ಪರಿಸ್ತಿದ್ರಂತೆ!" ಎನ್ನುತ್ತ ಚಕ್ರಪಾಣಿ ದರ್ಭೆ ಹಿಡಿದ ಕೈಯಲ್ಲೇ ಬಾಯಿ ಮುಚ್ಚಿ ನಕ್ಕರು. ಅವರು ನಕ್ಕಿದ್ದೇ ಅಪ್ಪಣೆಯೆಂಬಂತೆ ಎಲ್ಲರೂ ನಕ್ಕರು.

"ಬೀರು ಮೀನ್ಸ್?" ಎಂದಳು ಶರ್ವಾಣಿ.

ಸುಜಯ್ ಬಗ್ಗಿ ಮಗಳ ಕಿವಿಯಲ್ಲಿ ಹೇಳಿದ. ಅಷ್ಟರಲ್ಲಿ ಮನೆ ನಕ್ಕು ತಣ್ಣಗಾಗಿತ್ತು. ಆ ಮೌನದೊಳಗೆ ಹುಡುಗಿಯ ಮೂಗಿನಿಂದ ಗೊರಕೆಯಂಥದೊಂದು ಸದ್ದು ಹೊರಟಿತು, ಹಿಂದೆಯೇ ಸೀಟಿ.

ಗಿರಿಜಾ ಸೆರಗು ಸರಿಸಿ ಮೊಮ್ಮಗಳನ್ನು ನೋಡಿದರು.

"ಇನ್ನೊಂದ್ಸಲ ಹಾಕು, ಪೀಟರ್."

ವಿಶ್ವನಾಥರು ಮನೆ ಬಿಟ್ಟಾಗ ಗಂಟೆ ಹನ್ನೆರಡು ಹತ್ತು.